ಎಂಡೋಸ್ಕೋಪಿ ರೂಮಲ್ಲಿ ಯಾರ್ಯಾರು ಏನೇನು ಕಲ್ತಿರ್ಬೇಕು? ನಿಮ್ಮ ಪ್ರಶ್ನೆಗಳಿಗೆ ಸಿಸ್ಟರ್ ಉತ್ತರ

ಹೊಟ್ಟೆ, ಕರುಳಿನ ಎಂಡೋಸ್ಕೋಪಿ, ಅಂದ್ರೆ ಕ್ಯಾಮೆರಾ ಇರೋ ಪೈಪ್ (ಸ್ಕೋಪ್) ಒಳಗೆ ಬಿಟ್ಟು ನೋಡೋ ಪರೀಕ್ಷೆ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ವಿ. ಪೇಷಂಟ್‌ಗಳು ಬರೀತಾರೆ ಅನ್ಕೊಂಡ್ರೆ ನರ್ಸ್‌ಗಳು, ಡಾಕ್ಟ್ರುಗಳು, ಅವ್ರ ಮನೆಯವ್ರೇ ಜಾಸ್ತಿ ಬರ್ದಿದ್ದಾರೆ, ಅದೂ ಬಹುತೇಕ ಟ್ರೈನಿಂಗ್ ಬಗ್ಗೆನೇ. ನಂಗೆ ನಿಜವಾಗ್ಲೂ ಖುಷಿಯಾಯ್ತು, ಯಾಕಂದ್ರೆ ಈ ವಿಷಯ ಯಾರೂ ಮಾತಾಡಲ್ಲ.

*

ಸಿಸ್ಟರ್, ನಮಸ್ತೆ. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಒಂದು ಪ್ರೈವೇಟ್ ಆಸ್ಪತ್ರೆಗೆ ಸೇರಿದೀನಿ. ವಾರ್ಡಲ್ಲಿದ್ದೋಳನ್ನ ಈಗ ಎಂಡೋಸ್ಕೋಪಿ ರೂಮಿಗೆ ಹಾಕಿದ್ದಾರೆ. ಕೂತ್ಕೊಂಡು ಹೇಳ್ಕೊಡೋರು ಯಾರೂ ಇಲ್ಲ, "ನೋಡ್ತಾ ನೋಡ್ತಾ ಬರತ್ತೆ ಬಿಡು" ಅಂತಾರೆ. ಸರ್ "ಕ್ಲೋಸ್" ಅಂದ್ ತಕ್ಷಣ ಕೈ ನಡುಗತ್ತೆ. ಎಲ್ಲಿಂದ ಶುರು ಮಾಡ್ಲಿ?
— ಓದುಗರು, ಹಾವೇರಿ

ತಂಗಿ, ಮೊದ್ಲು ಒಂದು ಮಾತು, ಕೈ ನಡುಗೋದು ನಿನ್ನ ತಪ್ಪಲ್ಲ, ಹೇಳ್ಕೊಡದೆ ನಿಲ್ಲಿಸಿದ್ರೆ ಯಾರ ಕೈ ಆದ್ರೂ ನಡುಗತ್ತೆ. ನೋಡ್ತಾ ನೋಡ್ತಾ ಬರತ್ತೆ ಅನ್ನೋ ಮಾತು ನಮ್ಮ ಕಡೆ ಎಷ್ಟೋ ಆಸ್ಪತ್ರೆಗಳಲ್ಲಿ ಟ್ರೈನಿಂಗ್ ಅನ್ನೋದರ ಜಾಗದಲ್ಲೇ ಕೂತ್ಬಿಟ್ಟಿದೆ, ಅದು ನಂಗೆ ತುಂಬಾ ಬೇಜಾರಿನ ವಿಷಯ. ಡಾಕ್ಟ್ರ ಎಡಗೈ ಸ್ಕೋಪಿನ ಚಕ್ರ, ಬಟನ್‌ಗಳ ಮೇಲಿರತ್ತೆ, ಬಲಗೈ ಪೈಪನ್ನ ಹಿಡ್ಕೊಂಡು ತಿರುಗಿಸ್ತಿರತ್ತೆ, ಅಂದ್ರೆ ಎರಡೂ ಕೈ ಖಾಲಿ ಇಲ್ಲ. ಸ್ಕೋಪಿನೊಳಗಿನ ಕೊಳವೆ, ಅಂದ್ರೆ ಚಾನೆಲ್ ಒಳಗೆ ಹೋಗೋ ಫೋರ್ಸೆಪ್ಸ್ (ತುಂಡು ಕಚ್ಚಿ ತೆಗೆಯೋ ಚಿಮುಟ), ಸ್ನೇರ್, ನೀಡಲ್ ಇದೆಲ್ಲಾದರ ತುದಿಯನ್ನ ಆಡಿಸೋದು ನಿನ್ನ ಕೈ. ಹಾಗಿದ್ಮೇಲೆ ಆ ಕೈಗೂ ಡಾಕ್ಟ್ರ ಕೈಯಷ್ಟೇ ಪಾಠ ಆಗಿರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಶುರು ಟೇಬಲ್ ಮೇಲಿಂದ ಮಾಡು, ಪೇಷಂಟ್ ಮೇಲಿಂದ ಬೇಡ. ಎಕ್ಸ್‌ಪೈರಿ ಆದ ಒಂದು ಬಯಾಪ್ಸಿ ಫೋರ್ಸೆಪ್ಸ್, ಒಂದು ಸ್ನೇರ್ ಇನ್‌ಚಾರ್ಜ್ ಹತ್ರ ಕೇಳಿ ಇಸ್ಕೋ. ಮಧ್ಯಾಹ್ನ ಲಿಸ್ಟ್, ಅಂದ್ರೆ ಆ ದಿನದ ಕೇಸ್‌ಗಳು ಮುಗಿದ್ಮೇಲೆ ಕೂತು ಓಪನ್, ಕ್ಲೋಸ್ ಮಾಡ್ತಾ ಇರು, ಹ್ಯಾಂಡಲ್ ಎಷ್ಟು ಎಳೆದ್ರೆ ತುದಿಯಲ್ಲಿ ಎಷ್ಟು ಮುಚ್ಚತ್ತೆ ಅನ್ನೋದು ಕೈಗೆ ಗೊತ್ತಾಗ್ಬೇಕು. ಸ್ನೇರ್ ಅಂದ್ರೆ ಪಾಲಿಪ್ (ಕರುಳೊಳಗೆ ಬೆಳೆಯೋ ಸಣ್ಣ ಗಡ್ಡೆ) ಕತ್ತರಿಸೋ ತಂತಿ ಕುಣಿಕೆ, ಅದನ್ನ ಒಳಗೆ ಬಿಡೋ ಮುಂಚೆ ಹೊರಗಡೆನೇ ಒಂದ್ಸಲ ಪೂರ್ತಿ ಮುಚ್ಚಿ, ತಂತಿ ತುದಿ ಪ್ಲಾಸ್ಟಿಕ್ ಕವಚದ ಬಾಯಿಗೆ ಸರಿಯಾಗಿ ಬಂದಾಗ ಹ್ಯಾಂಡಲ್ ಎಲ್ಲಿದೆ ಅಂತ ಪೆನ್ನಲ್ಲಿ ಒಂದು ಗೀಟು ಹಾಕು. ಒಳಗೆ ಪಾಲಿಪ್ ಹಿಡಿದಾಗ ಹ್ಯಾಂಡಲ್ ಗೀಟಿನ ತನಕ ಬರದೆ ತುಂಬಾ ಹಿಂದೇನೇ ನಿಂತ್ಬಿಟ್ರೆ, ಬೇಕಾದ್ದಕ್ಕಿಂತ ದಪ್ಪ ಏನೋ ಸಿಕ್ಕಿದೆ ಅಂತ ಅರ್ಥ, ಕರುಳಿನ ಗೋಡೆನೂ ಇರ್ಬಹುದು, ಆಗ ಬಾಯಿಬಿಟ್ಟು ಹೇಳ್ಬೇಕು. ಸ್ಕ್ರೀನಲ್ಲಿ ಕಾಣದೇ ಇರೋದು ನಿನ್ನ ಕೈಗೆ ಗೊತ್ತಾಗಿರತ್ತೆ, ಅದನ್ನ ಡಾಕ್ಟ್ರಿಗೆ ತಲುಪಿಸೋದು ನಿನ್ನ ಕೆಲಸ.

ಎರಡನೇದು ಮಾತು. ರಕ್ತ ಬರೋ ಅಲ್ಸರ್‌ಗೆ ಇಂಜೆಕ್ಷನ್ ಕೊಡುವಾಗ ಡಾಕ್ಟ್ರು "ನೀಡಲ್ ಔಟ್" ಅಂದ್ರೆ ನೀನು ಸೂಜಿ ಹೊರಗೆ ತಳ್ಳಿ "ನೀಡಲ್ ಔಟ್" ಅಂತ ವಾಪಸ್ ಹೇಳು, "ಇಂಜೆಕ್ಟ್" ಅಂದಾಗ ಎಷ್ಟು ಎಂ.ಎಲ್ ಹೋಯ್ತು ಅಂತ ಜೋರಾಗಿ ಹೇಳು, "ನೀಡಲ್ ಇನ್" ಅಂದಾಗ ಸೂಜಿ ಒಳಗೆಳೆದು ಅದನ್ನೂ ಹೇಳು. ಸೂಜಿ ಹೊರಗಿದ್ದಂಗೇ ಸ್ಕೋಪಿನ ಚಾನೆಲ್ ಒಳಗೆ ಎಳೆದ್ರೆ ಒಳಗಿನ ಪದರ ಹರಿಯತ್ತೆ, ನೀರು ಲೀಕ್ ಆಗತ್ತೆ, ರಿಪೇರಿ ಖರ್ಚು ಲಕ್ಷದಲ್ಲಿ, ಅಲ್ಲೀತನಕ ಆ ಊರಿಗೆ ಸ್ಕೋಪೇ ಇಲ್ಲ. ಸುಮ್ನೆ ತಲೆ ಆಡಿಸೋದು ಉತ್ತರ ಅಲ್ಲ, ಬಾಯಲ್ಲಿ ಬರ್ಬೇಕು.

ಬಯಾಪ್ಸಿ ವಿಷಯದಲ್ಲಿ ಒಂದು ಸಣ್ಣದು, ಆದ್ರೆ ಯಾರೂ ಹೇಳ್ಕೊಡದೇ ಬಿಡೋದು. ಜಠರದಲ್ಲಿರೋ ಎಚ್. ಪೈಲೋರಿ ಬ್ಯಾಕ್ಟೀರಿಯಾಕ್ಕೆ ರ‍್ಯಾಪಿಡ್ ಯೂರಿಯೇಸ್ ಟೆಸ್ಟ್ ಮಾಡ್ತೀವಲ್ಲ, ಆ ಕಿಟ್‌ಗೆ ಹಾಕೋ ತುಂಡನ್ನ ಮೊದ್ಲು ತಗೊ, ಆಮೇಲೆ ತುಂಡು ಕೆಡದ ಹಾಗೆ ಇಡೋ ಫಾರ್ಮಲಿನ್ ಬಾಟಲಿಯ ಕೆಲಸ. ಫಾರ್ಮಲಿನ್‌ಗೆ ಅದ್ದಿದ ಫೋರ್ಸೆಪ್ಸ್ ಅಥವಾ ಸೂಜಿಯಲ್ಲಿ ಆ ತುಂಡನ್ನ ಮುಟ್ಟಿದ್ರೆ ಕಿಟ್ ಬಣ್ಣನೇ ಬದಲಾಗದೆ ಇರ್ಬಹುದು, ಬ್ಯಾಕ್ಟೀರಿಯಾ ಇದ್ರೂ ಇಲ್ಲ ಅಂತ ರಿಪೋರ್ಟ್ ಬರತ್ತೆ. ಮತ್ತೆ ಲೇಬಲ್. ಪೇಷಂಟ್ ಇನ್ನೂ ಟೇಬಲ್ ಮೇಲಿರುವಾಗ್ಲೇ ಹೆಸರು, ನಂಬರ್, ಯಾವ ಜಾಗದ ತುಂಡು ಅಂತ ಬಾಟಲಿಯ ಮೇಲೆ ಬರೀಬೇಕು, ಮುಚ್ಚಳದ ಮೇಲಲ್ಲ, ಮುಚ್ಚಳ ಅದಲು ಬದಲಾಗತ್ತೆ.

ಇನ್ನು ಹಳೇ ಫೈಬರ್ ಸ್ಕೋಪಿನ ಕಾಲದಲ್ಲಿ ಡಾಕ್ಟ್ರು ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ಐಪೀಸಿನೊಳಗೆ ನೋಡ್ತಿದ್ರು, ಪಕ್ಕದಲ್ಲಿದ್ದ ನರ್ಸ್‌ಗೆ ಏನೂ ಕಾಣ್ತಿರ್ಲಿಲ್ಲ. 1983ರಲ್ಲಿ ವಿಡಿಯೋ ಎಂಡೋಸ್ಕೋಪ್ ಬಂದ್ಮೇಲೆ ರೂಮಲ್ಲಿರೋ ಎಲ್ಲಾರಿಗೂ ಟಿವಿಯಲ್ಲಿ ಕಾಣತ್ತೆ, ಅಂದ್ರೆ ನೀನೂ ಹುಡುಕಬಹುದು. ಕೊಲೊನೋಸ್ಕೋಪಿ, ಅಂದ್ರೆ ದೊಡ್ಡ ಕರುಳಿನ ಎಂಡೋಸ್ಕೋಪಿ ಮಾಡುವಾಗ ನರ್ಸ್ ಕೂಡ ಗಮನ ಇಟ್ಟು ಸ್ಕ್ರೀನ್ ನೋಡಿದ್ರೆ, ಅದ್ರಲ್ಲೂ ಡಾಕ್ಟ್ರು ಇನ್ನೂ ಕಲೀತಿರೋರಾಗಿದ್ರೆ, ಪಾಲಿಪ್ ಜಾಸ್ತಿ ಸಿಗತ್ತೆ ಅಂತ ಸ್ಟಡಿಗಳಲ್ಲಿ ಕಂಡಿದೆ. ಏನಾದ್ರೂ ಕಂಡ್ರೆ "ಸರ್, ಕರುಳಿನ ಆ ಮಡಿಕೆ ಹಿಂದೆ ಒಂದ್ಸಲ ನೋಡ್ತೀರಾ" ಅಂತ ಹೇಳೋಕೆ ಹೆದರ್ಬೇಡ.

ನಿನ್ನ ಮೈಯೂ ನೋಡ್ಕೋ. ಹೆಪಟೈಟಿಸ್ ಬಿ ಲಸಿಕೆ 3 ಡೋಸ್ ಆಗಿದ್ಯಾ ಅಂತ ಇವತ್ತೇ ಚೆಕ್ ಮಾಡು. ಕಣ್ಣಿಗೆ ಶೀಲ್ಡ್ ಇಲ್ದೆ ಸ್ಕೋಪ್ ತೊಳೀಬೇಡ. ಮತ್ತೆ ಇನ್‌ಚಾರ್ಜ್ ಹತ್ರ ಹೋಗಿ ಒಂದು ಪಟ್ಟಿ ಕೇಳು: ಇದನ್ನ ನೋಡಿದೆ, ಇದನ್ನ ಸೀನಿಯರ್ ಎದುರು ಮಾಡಿದೆ, ಇದನ್ನ ಒಬ್ಳೇ ಮಾಡಬಲ್ಲೆ, ಪಕ್ಕದಲ್ಲಿ ಸಹಿ. ಇಲ್ಲ ಅಂದ್ರೆ ನೀನೇ ಒಂದು ನೋಟ್‌ಬುಕ್ಕಲ್ಲಿ ಗೆರೆ ಹಾಕಿ ಮಾಡ್ಕೊ, ಸಹಿ ಕೇಳಿದ್ರೆ ಯಾರೂ ಬೇಡ ಅನ್ನಲ್ಲ. ಅಮೆರಿಕದಲ್ಲಿ ಗ್ಯಾಸ್ಟ್ರೋ ನರ್ಸ್‌ಗಳಿಗೆ ಅಂತಲೇ 1974ರಿಂದ ಸೊಸೈಟಿ ಇದೆ, ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಳ್ಳೋ ವ್ಯವಸ್ಥೆ ಇದೆ. ನಮ್ಮಲ್ಲೂ ಗ್ಯಾಸ್ಟ್ರೋ ಕಾನ್ಫರೆನ್ಸ್‌ಗಳಲ್ಲಿ ಅಸಿಸ್ಟೆಂಟ್‌ಗಳಿಗೆ ವರ್ಕ್‌ಶಾಪ್ ಇಡ್ತಾರೆ, ಸರ್ ಹೋಗುವಾಗ ನಂಗೂ ಒಂದು ಸೀಟು ಹಾಕಿಸಿ ಅಂತ ಕೇಳು.

*

ಸಿಸ್ಟರ್, ನನ್ನ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಈಗ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯಲ್ಲಿದ್ದಾಳೆ. ಅವಳಿಗೆ ಎಂಡೋಸ್ಕೋಪಿ ತಾನೇ ಮಾಡುವ ಟ್ರೈನಿಂಗ್ ಕೊಡುತ್ತಾರಂತೆ. ಡಾಕ್ಟರ್ ಮಾಡಬೇಕಾದದ್ದನ್ನು ನರ್ಸ್ ಮಾಡುವುದು ಸರಿಯಾ? ಏನಾದರೂ ಹೆಚ್ಚುಕಡಿಮೆಯಾದರೆ ಇವಳ ತಲೆಗೆ ಬರುವುದಿಲ್ಲವಾ?
— ಓದುಗರು, ಪುತ್ತೂರು

ಅಮ್ಮ, ಖುಷಿಪಡೋ ವಿಷಯ ಇದು, ಹೆದರ್ಬೇಡಿ. ಅಲ್ಲಿ ನರ್ಸ್‌ಗಳು ಸ್ಕೋಪ್ ಹಿಡಿಯೋದು ಹೊಸದಲ್ಲ, ಅವ್ರಿಗೆ ಕ್ಲಿನಿಕಲ್ ಎಂಡೋಸ್ಕೋಪಿಸ್ಟ್ ಅಂತಾರೆ. ಇದು ಸರಿಯೋ ತಪ್ಪೋ ಅಂತ ಅವ್ರು ಬಾಯಿಮಾತಲ್ಲಿ ತೀರ್ಮಾನ ಮಾಡ್ಲಿಲ್ಲ, ಪರೀಕ್ಷೆ ಮಾಡಿ ನೋಡಿದ್ರು. ಮಿನುಯೆಟ್ ಅಂತ ಒಂದು ದೊಡ್ಡ ಟ್ರಯಲ್, 23 ಆಸ್ಪತ್ರೆ, 1888 ಪೇಷಂಟ್‌ಗಳು, ಚೀಟಿ ಎತ್ತಿದ ಹಾಗೆ ಕೆಲವ್ರಿಗೆ ಡಾಕ್ಟ್ರು ಕೆಲವ್ರಿಗೆ ನರ್ಸ್. ಫಲಿತಾಂಶ 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಆಮೇಲಿನ ತಿಂಗಳುಗಳಲ್ಲಿ ಪೇಷಂಟ್‌ಗಳು ಹೇಗಿದ್ದಾರೆ ಅಂತ ನೋಡಿದ್ರೆ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ, ಅನ್ನನಾಳ ಮತ್ತೆ ಜಠರವನ್ನ ನರ್ಸ್‌ಗಳೇ ಇನ್ನೂ ಕೂಲಂಕಷವಾಗಿ ನೋಡಿದ್ರು.

ಯಾಕೆ ಹೀಗಾಯ್ತು ಅಂದ್ರೆ ಅಲ್ಲಿ ಯಾರೇ ಆಗ್ಲಿ, ಡಾಕ್ಟ್ರು, ಸರ್ಜನ್, ನರ್ಸ್, ಎಲ್ಲಾರಿಗೂ ಒಂದೇ ಅಳತೆ. 1994ರಲ್ಲಿ ಜ್ಯಾಗ್ ಅಂತ ಒಂದು ಮಂಡಳಿ ಮಾಡಿದ್ರು, ಈಗ ಟ್ರೈನಿಂಗ್, ಸರ್ಟಿಫಿಕೇಟ್ ಎಲ್ಲಾ ಅದ್ರ ಕೈಯಲ್ಲಿ. ಮಾಡಿದ ಒಂದೊಂದು ಕೇಸೂ ಆನ್‌ಲೈನ್ ಪುಸ್ತಕದಲ್ಲಿ ದಾಖಲಾಗತ್ತೆ, ಕಲಿಸೋರು ಪಕ್ಕದಲ್ಲಿ ನಿಂತು ಸ್ಕೋಪ್ ಹೇಗೆ ಹಿಡಿದ್ಲು, ಪೇಷಂಟ್ ಜೊತೆ ಹೇಗೆ ಮಾತಾಡಿದ್ಲು, ರಿಪೋರ್ಟ್ ಹೇಗೆ ಬರೆದ್ಲು ಅಂತ ಬೇರೆ ಬೇರೆ ಮಾರ್ಕ್ ಹಾಕ್ತಾರೆ. ಈಗಿನ ನಿಯಮದಲ್ಲಿ ಬಾಯಿಂದ ಹಾಕೋ ಮೇಲಿನ ಎಂಡೋಸ್ಕೋಪಿಗೆ ಕನಿಷ್ಠ 250, ಕೊಲೊನೋಸ್ಕೋಪಿಗೆ 280 ಕೇಸ್ ಆಗ್ಬೇಕು, ಅಷ್ಟಾದ ಮಾತ್ರಕ್ಕೆ ಸರ್ಟಿಫಿಕೇಟ್ ಸಿಗಲ್ಲ, ಅಳತೆಗಳೂ ಕೂಡಿಬರ್ಬೇಕು. ಮಗಳಿಗೆ ಹೇಳಿ, ವಾರಕ್ಕೆ ಎಷ್ಟು ಟ್ರೈನಿಂಗ್ ಲಿಸ್ಟ್ ಕೊಡ್ತೀರಿ, ನನ್ನ ವಾರ್ಡ್ ಡ್ಯೂಟಿ ಬಿಡಿಸ್ತೀರಾ ಅಂತ ಮೊದ್ಲೇ ಬರಹದಲ್ಲಿ ಕೇಳ್ಲಿ. ಡ್ಯೂಟಿನೂ ಮಾಡು ಇದನ್ನೂ ಕಲಿ ಅಂದ್ರೆ ಸುಸ್ತಾಗ್ತಾಳೆ.

ಒಂದು ಮಾತ್ರ ನೆನಪಿರ್ಲಿ, ನಾಳೆ ಅವ್ಳು ಊರಿಗೆ ವಾಪಸ್ ಬಂದ್ರೆ ಇಲ್ಲಿ ಆ ಕೆಲಸ ಮಾಡಕ್ಕಾಗಲ್ಲ. ನಮ್ಮಲ್ಲಿ ಸ್ಕೋಪ್ ಹಿಡಿಯೋದು ಡಾಕ್ಟ್ರೇ. ಆದ್ರೆ ಕಲಿಸೋಕೆ ಅವ್ಳಂಥೋರು ಬೇಕೇ ಬೇಕು.

*

ಮೇಡಂ, ನಾನು ಎಂ.ಡಿ ಮೆಡಿಸಿನ್. ನಮ್ಮ ಕಡೆ ಕುಡಿತದಿಂದ ಲಿವರ್ ಹಾಳಾಗಿ ರಕ್ತ ವಾಂತಿ ಮಾಡ್ಕೊಂಡು ಬರೋರು ಬಹಳ ಮಂದಿ, ಎಂಡೋಸ್ಕೋಪಿಗೆ ಅಂತ ದೂರದ ಊರಿಗೆ ಕಳಿಸ್ಬೇಕು. ಕೆಲವು ವಾರದ ಶಾರ್ಟ್ ಕೋರ್ಸ್ ಮಾಡಿ ನಾನೇ ಶುರು ಮಾಡಿದ್ರೆ ಹೆಂಗ?
— ಓದುಗರು, ರಾಯಚೂರು

ಡಾಕ್ಟ್ರೇ, ನಿಮ್ಮ ಕಾಳಜಿಗೆ ನಮಸ್ಕಾರ, ನಿಮ್ಮಂಥೋರು ಕಲಿಯಲೇಬೇಕು. ಆದ್ರೆ ಕೆಲವು ವಾರದಲ್ಲಿ ಸ್ಕೋಪನ್ನ ಜಠರದ ತನಕ ಇಳಿಸೋದು ಬರತ್ತೆ ಅಷ್ಟೇ, ಕಂಡಿದ್ದೇನು ಅಂತ ಗುರುತಿಸೋದು ಬರಲ್ಲ. ಮೇಲೆ ಬರೆದಿರೋ 250ರ ಲೆಕ್ಕ ನೋಡಿ. ಇಲ್ಲಿ ಡಿ.ಎಂ ಗ್ಯಾಸ್ಟ್ರೋ ಅಂದ್ರೆ ಎಂ.ಡಿ ಆದ್ಮೇಲೂ 3 ವರ್ಷ, ಅದ್ರಲ್ಲಿ ದಿನಾ ಸ್ಕೋಪ್ ಕೈಯಲ್ಲಿರತ್ತೆ. ಅದೂ ನೀವು ಹೇಳ್ತಿರೋದು ಅನ್ನನಾಳದ ಊದಿದ ರಕ್ತನಾಳ ಒಡೆದ ಕೇಸ್, ಅದು ಶುರುವಲ್ಲಿ ಮಾಡೋದಲ್ಲ, ಕೊನೆಗೆ ಮಾಡೋದು. ಸ್ಕ್ರೀನ್ ಪೂರ್ತಿ ಕೆಂಪಾಗಿರತ್ತೆ, ಪೇಷಂಟ್ ಬಿ.ಪಿ ಬೀಳ್ತಿರತ್ತೆ, ಅಂಥಾ ಹೊತ್ತಲ್ಲಿ ಆ ರಕ್ತನಾಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯೋಕೆ ಡಾಕ್ಟ್ರಿಗೂ ಪಳಗಿದ ಕೈ ಬೇಕು, ಬ್ಯಾಂಡ್ ಸೆಟ್ಟನ್ನ ಸ್ಕೋಪಿಗೆ ಸರಿಯಾಗಿ ಕೂರಿಸಿಕೊಡೋ ನರ್ಸೂ ಬೇಕು.

ನಂಗನ್ಸೋದು ಹೀಗೆ ಮಾಡಿ. ದಿನಾ ಲಿಸ್ಟ್ ನಡೆಯೋ ಒಂದು ದೊಡ್ಡ ಸೆಂಟರ್ ಜೊತೆ ಮಾತಾಡಿ, ವಾರಕ್ಕೆ ಎರಡು ದಿನ ಅಂತ ಆದ್ರೂ ತಿಂಗಳುಗಟ್ಟಲೆ ಹೋಗಿ. ಶುರುವಲ್ಲಿ ಸಿಮ್ಯುಲೇಟರ್ ಸಿಕ್ರೆ ಬಿಡ್ಬೇಡಿ, ಚಕ್ರ ಯಾವ ಕಡೆ ತಿರುಗಿಸಿದ್ರೆ ತುದಿ ಯಾವ ಕಡೆ ಹೋಗತ್ತೆ ಅನ್ನೋ ಗೊಂದಲವನ್ನ ಪೇಷಂಟ್ ಗಂಟಲಲ್ಲಿ ಬಗೆಹರಿಸ್ಕೊಬಾರ್ದು. ಜರ್ಮನಿಯ ಎರ್ಲಾಂಗನ್‌ನಲ್ಲಿ ಹಂದಿಯ ಜಠರ ಇಟ್ಟು ರಕ್ತಸ್ರಾವ ನಿಲ್ಲಿಸೋದನ್ನ ಕಲಿಸೋ ಮಾಡೆಲ್ ಮಾಡಿದ್ರು, ಅದ್ರಲ್ಲಿ ಡಾಕ್ಟ್ರೂ ನರ್ಸೂ ಜೋಡಿಯಾಗಿ ಅಭ್ಯಾಸ ಮಾಡ್ಬಹುದು, ಈಗ ವರ್ಕ್‌ಶಾಪ್‌ಗಳಲ್ಲಿ ಅಂಥದ್ದು ಸಿಗತ್ತೆ. ಹೋಗುವಾಗ ನಿಮ್ಮ ಸಿಸ್ಟರನ್ನೂ ಕರ್ಕೊಂಡು ಹೋಗಿ. ಇದನ್ನ ಕೈಮುಗಿದು ಕೇಳ್ತೀನಿ, ಡಾಕ್ಟ್ರು ಒಬ್ರೇ ಕಲಿತು ಬಂದು, ಸ್ನೇರನ್ನೇ ನೋಡಿಲ್ದೆ ಇರೋ ಹುಡುಗೀನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಶುರು ಮಾಡೋದನ್ನ ನಾನು ಬೇಕಾದಷ್ಟು ನೋಡಿದೀನಿ.

ಮುಂದೆ ಕೊಲೊನೋಸ್ಕೋಪಿಗೂ ಹೋದ್ರೆ ನಿಮ್ಮ ಲೆಕ್ಕ ನೀವೇ ಇಟ್ಕೊಳ್ಳಿ. ನೂರರಲ್ಲಿ 90 ಕೇಸಲ್ಲಾದ್ರೂ ಸ್ಕೋಪ್ ದೊಡ್ಡ ಕರುಳಿನ ಆ ತುದಿ, ಅಂದ್ರೆ ಸಣ್ಣ ಕರುಳು ಬಂದು ಸೇರೋ ಕಡೆಯ ಸೀಕಮ್ ಮುಟ್ಬೇಕು. ವಾಪಸ್ ಬರೋದು ಕನಿಷ್ಠ 6 ನಿಮಿಷ, ಯಾಕಂದ್ರೆ ನಿಜವಾಗಿ ಹುಡುಕೋದು ವಾಪಸ್ ಬರುವಾಗ. 2006ರಲ್ಲಿ ಅಮೆರಿಕದ 12 ಡಾಕ್ಟ್ರುಗಳ ಕೇಸ್ ನೋಡಿದಾಗ, ಸರಾಸರಿ 6 ನಿಮಿಷ ಅಥವಾ ಜಾಸ್ತಿ ತಗೊಂಡೋರಿಗೆ 28.3% ಪೇಷಂಟ್‌ಗಳಲ್ಲಿ ಕ್ಯಾನ್ಸರ್ ಆಗಬಹುದಾದಂಥ ಗಡ್ಡೆ ಸಿಕ್ತು, ಬೇಗ ಎಳೆದೋರಿಗೆ 11.8% ಮಾತ್ರ. ಗಡಿಯಾರ ನೋಡಿ ಟೈಮ್ ಹೇಳೋ ಕೆಲಸ ನರ್ಸ್‌ಗೆ ಕೊಡಿ.

*

ಅಕ್ಕ, ನಂಗೆ ಮುಂದಿನ ವಾರ ಎಂಡೋಸ್ಕೋಪಿ. ನಂಗಿಂತ ಮುಂಚೆ ಹತ್ತು ಜನರ ಬಾಯಿಗೆ ಹಾಕಿದ ಪೈಪನ್ನೇ ನಂಗೂ ಹಾಕ್ತಾರಲ್ಲ, ನೆನೆಸ್ಕೊಂಡ್ರೇ ಒಂಥರಾ ಆಗತ್ತೆ. ಸರಿಯಾಗಿ ತೊಳೀತಾರಾ? ಯಾರು ತೊಳೀತಾರೆ?
— ಓದುಗರು, ತುಮಕೂರು

ನಿಮ್ಮ ಪ್ರಶ್ನೆ ನೂರಕ್ಕೆ ನೂರು ಸರಿ, ಕೇಳೋಕೆ ನಾಚ್ಕೋಬೇಡಿ. ಗ್ಯಾಸ್ಟ್ರೋಸ್ಕೋಪ್ ಅಂದ್ರೆ ಸುಮಾರು ಒಂದು ಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ, ಅದರೊಳಗೆ ಸುಮಾರು 2.8 ಮಿ.ಮೀ ಅಗಲದ ಒಂದು ಚಾನೆಲ್, ಮತ್ತೆ ಅದಕ್ಕಿಂತ ಸಣ್ಣ ಗಾಳಿ, ನೀರಿನ ದಾರಿಗಳು. ಹೊರಗಡೆ ಒರೆಸಿದ್ರೆ ಫಳಫಳ ಅನ್ನತ್ತೆ, ಕೊಳೆ ಕೂರೋದು ಒಳಗೆ. ಆಟೋಕ್ಲೇವಲ್ಲಿ, ಅಂದ್ರೆ ಬಿಸಿ ಹಬೆಯ ಪಾತ್ರೆಯಲ್ಲಿ ಬೇಯಿಸೋಕಾಗಲ್ಲ, ಹಾಳಾಗತ್ತೆ, ಅದಕ್ಕೆ ಕೈಯಲ್ಲೇ ತೊಳೆದು ಕೆಮಿಕಲ್ಲಲ್ಲಿ ಅದ್ದಬೇಕು.

ಪೇಷಂಟ್ ಬಾಯಿಂದ ತೆಗೆದ ಕೂಡ್ಲೇ, ಅಲ್ಲೇ ಬೆಡ್ ಪಕ್ಕದಲ್ಲೇ, ಒರೆಸಿ ಚಾನೆಲಲ್ಲಿ ಡಿಟರ್ಜೆಂಟ್ ನೀರು ಎಳೀಬೇಕು, ಒಣಗೋಕೆ ಬಿಡ್ಬಾರ್ದು. ಆಮೇಲೆ ಲೀಕ್ ಟೆಸ್ಟ್, ಗಾಳಿ ತುಂಬಿ ನೀರಲ್ಲಿಟ್ಟು ಗುಳ್ಳೆ ಬರತ್ತಾ ಅಂತ ನೋಡೋದು. ಆಮೇಲೆ ಎನ್‌ಜೈಮ್ ಇರೋ ಡಿಟರ್ಜೆಂಟಲ್ಲಿ ಮುಳುಗಿಸಿ ಉದ್ದನೇ ಬ್ರಷ್ ಹಾಕಿ ಚಾನೆಲ್ ಉಜ್ಜೋದು, ಇನ್ನೊಂದು ತುದಿಯಲ್ಲಿ ಬ್ರಷ್ ಹೊರಗೆ ಬಂದಾಗ ಅದ್ರಲ್ಲಿ ಏನೂ ಅಂಟಿರಬಾರ್ದು, ಅಲ್ಲೀತನಕ ಉಜ್ತಾನೇ ಇರ್ಬೇಕು. ಬಟನ್‌ಗಳನ್ನ ಬಿಚ್ಚಿ ಬೇರೆ ತೊಳೀಬೇಕು. ಇದು ಕೈ ಕೆಲಸ, ಮಷೀನ್ ಇರೋ ಕಡೆನೂ ಇದನ್ನ ಬಿಡೋ ಹಾಗಿಲ್ಲ, ಮತ್ತೆ ಅವಸರದಲ್ಲಿ ಮೊದ್ಲು ಹಾರಿಸೋದು ಇದನ್ನೇ. ಕೊಳೆ ಮೇಲೆ ಕೆಮಿಕಲ್ ಸುರಿದ್ರೆ ಅದು ಕೆಲಸ ಮಾಡಲ್ಲ. ಆಮೇಲೆ ಕೆಮಿಕಲ್, ಗ್ಲುಟರಾಲ್ಡಿಹೈಡ್ ಅಂದ್ರೆ ನಾವು ಸೈಡೆಕ್ಸ್ ಅಂತೀವಲ್ಲ ಅದಾದ್ರೆ ಸಾಮಾನ್ಯವಾಗಿ 20 ನಿಮಿಷ. ದ್ರಾವಣದ ಶಕ್ತಿ ಇನ್ನೂ ಇದ್ಯಾ ಅಂತ ಸ್ಟ್ರಿಪ್ ಹಾಕಿ ನೋಡ್ಬೇಕು. ಕೊನೆಗೆ ಶುದ್ಧ ನೀರಲ್ಲಿ ತೊಳೆದು, ಚಾನೆಲ್ಲಿಗೆ ಗಾಳಿ ಹಾಯಿಸಿ ಒಣಗಿಸಿ, ಬೀರುವಿನಲ್ಲಿ ನೇತುಹಾಕೋದು. ಒದ್ದೆ ಸ್ಕೋಪನ್ನ ಸೂಟ್‌ಕೇಸಲ್ಲಿ ಸುತ್ತಿ ಇಟ್ರೆ ರಾತ್ರಿ ಬೆಳಗಾಗೋದ್ರಲ್ಲಿ ಬ್ಯಾಕ್ಟೀರಿಯಾ ಬೆಳೀತವೆ.

ಇದೆಲ್ಲಾ ಸರಿ ಮಾಡಿದ್ರೆ ಸಾಮಾನ್ಯ ಎಂಡೋಸ್ಕೋಪಿಯಲ್ಲಿ ಸೋಂಕು ತೀರಾ ಅಪರೂಪ, ಧೈರ್ಯವಾಗಿ ಹೋಗಿ. ಪಿತ್ತನಾಳಕ್ಕೆ ಹಾಕೋ ಡ್ಯುಯೊಡಿನೋಸ್ಕೋಪ್ ಬೇರೆ ಥರ, ಅದ್ರ ತುದಿಯಲ್ಲಿ ಏಳಿಸಿ ಇಳಿಸೋ ಒಂದು ಸಣ್ಣ ಭಾಗ ಇದೆ, 2015ರಲ್ಲಿ ಲಾಸ್ ಏಂಜಲೀಸಿನ ದೊಡ್ಡ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ, ಕಂಪನಿ ಹೇಳಿದ ಹಾಗೇ ತೊಳೆದಿದ್ರೂ ಅದ್ರ ಮೂಲಕ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹರಡಿತ್ತು. ಆಮೇಲೆ ಅದ್ರ ಡಿಸೈನೇ ಬದಲಾಯಿಸ್ಬೇಕಾಯ್ತು.

ಯಾರು ತೊಳೀತಾರೆ ಅಂದ್ರಿ. ಕೆಲವು ಕಡೆ ನರ್ಸ್, ಕೆಲವು ಕಡೆ ಟೆಕ್ನಿಷಿಯನ್, ಎಷ್ಟೋ ಕಡೆ ಸಂಬಳ ತೀರಾ ಕಡಿಮೆ ಇರೋ ಅಟೆಂಡರ್ ಹುಡುಗ. ಯಾರೇ ತೊಳೀಲಿ, ಅವ್ರಿಗೆ ಕಲಿಸಿರ್ಬೇಕು, ಮುಂದಿನ ಪೇಷಂಟ್ ಕಾಯ್ತಿದ್ದಾರೆ ಅಂತ ಅವಸರ ಮಾಡ್ಬಾರ್ದು. ಸೈಡೆಕ್ಸ್ ಹೊಗೆಗೆ ಕಣ್ಣು ಉರಿಯತ್ತೆ, ಉಬ್ಬಸ ಬರತ್ತೆ, ಕಿಟಕಿ ಇಲ್ದಿರೋ ಬಾತ್‌ರೂಮಲ್ಲಿ ಅವ್ರನ್ನ ನಿಲ್ಲಿಸೋದು ಅನ್ಯಾಯ. ನೀವು ಹೋದಾಗ "ಸ್ಕೋಪ್ ಹೇಗೆ ಕ್ಲೀನ್ ಮಾಡ್ತೀರಾ, ರಿಜಿಸ್ಟರ್ ಇದ್ಯಾ" ಅಂತ ಕೇಳಿ. ಕಲಿತೋರಿದ್ರೆ ಬೇಜಾರಿಲ್ದೆ ತೋರಿಸ್ತಾರೆ.

*

ಸಿಸ್ಟರ್, ನಮ್ಮ ತಂದೆಗೆ 74 ವರ್ಷ. ಮಲಗಿಸಿ ಮಾಡ್ಸಿದ್ರೆ ಒಳ್ಳೇದಾ, ಎಚ್ಚರ ಇದ್ದಾಗ್ಲೇ ಮಾಡ್ಸೋದಾ?
— ಓದುಗರು, ಮೈಸೂರು

ಬರೀ ಮೇಲಿನ ಎಂಡೋಸ್ಕೋಪಿ ಆದ್ರೆ ಗಂಟಲಿಗೆ ಸ್ಪ್ರೇ ಹೊಡೆದು ಎಚ್ಚರದಲ್ಲೇ ಮಾಡ್ಬಹುದು, ಕೆಲವೇ ನಿಮಿಷ. ತುಂಬಾ ಭಯ ಇದ್ರೆ ಮಿಡಜೋಲಾಮ್ ಥರದ ಮಂಪರು ಬರಿಸೋ ಔಷಧಿ ಕೊಡ್ತಾರೆ, ವಯಸ್ಸಾದೋರಿಗೆ ಡೋಸ್ ಕಮ್ಮಿ ಮಾಡಿ. ಹಾರ್ಟು, ಉಬ್ಬಸ, ಗೊರಕೆ, ರಕ್ತ ತೆಳು ಮಾಡೋ ಮಾತ್ರೆ, ಶುಗರ್ ಮಾತ್ರೆ ಇದೆಲ್ಲಾ ಮೊದ್ಲೇ ಹೇಳಿ, ನೀವಾಗೇ ಯಾವ ಮಾತ್ರೇನೂ ನಿಲ್ಲಿಸ್ಬೇಡಿ. ಮಲಗಿಸ್ತಾರೆ ಅಂದ್ರೆ ಒಂದು ಕೇಳಿ: ಅಪ್ಪನ ಉಸಿರನ್ನ ಮಾತ್ರ ನೋಡ್ಕೊಳ್ಳೋಕೆ ಒಬ್ರು ಬೇರೆ ಇರ್ತಾರಾ? ಫೋರ್ಸೆಪ್ಸ್ ಆಡಿಸೋ ನರ್ಸ್ ಕಣ್ಣು ಟಿವಿ ಮೇಲಿರತ್ತೆ, ಅವ್ರೇ ಎದೆ ಏರಿಳಿಯೋದನ್ನೂ ನೋಡಕ್ಕಾಗಲ್ಲ. ಮೂಗಿಗೆ ಆಕ್ಸಿಜನ್ ಹಾಕಿದ್ದಾಗ ಉಸಿರು ನಿಂತ್ರೂ ಬೆರಳಿನ ಆಕ್ಸಿಜನ್ ಮೀಟರಲ್ಲಿ ನಂಬರ್ ಬೀಳೋದು ತಡವಾಗಿ, ಅದಕ್ಕೇ ಮನುಷ್ಯರ ಕಣ್ಣು ಬೇಕು. ಇಬ್ರು ಇಲ್ಲ ಅಂದ್ರೆ ಎಚ್ಚರದಲ್ಲೇ ಮಾಡ್ಸಿ, ಇಲ್ಲ ಬೇರೆ ಕಡೆ ವಿಚಾರಿಸಿ.

*

ಮೇಡಂ, ಬಿ.ಎಸ್ಸಿ ಓ.ಟಿ (ಆಪರೇಷನ್ ಥಿಯೇಟರ್) ಟೆಕ್ನಾಲಜಿ ಮಾಡ್ತಿದ್ದೀನಿ. ಎಂಡೋಸ್ಕೋಪಿಯಲ್ಲಿ ನಮಗೆ ಕೆಲಸ ಇದ್ಯಾ, ನರ್ಸ್‌ಗಳಿಗೆ ಮಾತ್ರನಾ?
— ಓದುಗರು, ಕಲಬುರಗಿ

ಇದೆ ತಮ್ಮಾ, ಈಗ್ಲೇ ಎಷ್ಟೋ ಕಡೆ ಓ.ಟಿ ಟೆಕ್ನಾಲಜಿಯೋರೇ ಇದ್ದಾರೆ. ಔಷಧಿ ಕೊಡೋದು, ಪೇಷಂಟ್ ನೋಡ್ಕೊಳ್ಳೋದು ನರ್ಸ್ ಕೆಲಸ, ಸ್ಕೋಪ್, ಟಿವಿಗೆ ಚಿತ್ರ ಕಳಿಸೋ ಪ್ರೊಸೆಸರ್, ಕರೆಂಟಲ್ಲಿ ಪಾಲಿಪ್ ಕತ್ತರಿಸೋ ಡಯಾಥರ್ಮಿ ಮಷೀನ್, ಕ್ಲೀನಿಂಗ್ ಇದ್ರಲ್ಲಿ ನಿನ್ನ ಓದು ಚೆನ್ನಾಗಿ ಉಪಯೋಗಕ್ಕೆ ಬರತ್ತೆ. ಪೋಸ್ಟಿಂಗಲ್ಲಿ ಎಂಡೋಸ್ಕೋಪಿ ರೂಮ್ ಕೇಳಿ ಹಾಕಿಸ್ಕೋ, ಮೊದಲನೇ ವಾರ ಪೂರ್ತಿ ತೊಳೆಯೋ ಜಾಗದಲ್ಲೇ ನಿಲ್ಲು. ಅಲ್ಲಿ ಲೀಕ್ ಟೆಸ್ಟ್ ಮಾಡೋದು, ಬ್ರಷ್ ಹಾಕೋದು, ಸ್ಟ್ರಿಪ್ ಓದೋದು ಈ ಮೂರೂ ನಿನ್ನ ಕೈಯಲ್ಲಿ ಆದ್ಮೇಲೆ ಪ್ರೊಸೀಜರ್ ಟೇಬಲ್ ಹತ್ರ ಬಾ.